ಹೆಸರು ಒಂದೇ, ಗಿಡ ಬೇರೆ: ವಿಕ್ಟೋರಿಯಾದ ಲ್ಯಾವೆಂಡರ್ ಕಳೆ

ಜಮ್ಮುವಿನ ದೋಡಾ ಜಿಲ್ಲೆಯ ಭದರ್‌ವಾಹ್‌ನಲ್ಲಿ ಮೆಕ್ಕೆಜೋಳದ ರೈತರು ಲ್ಯಾವೆಂಡರ್ ಬೆಳೆಗೆ ತಿರುಗಿದ್ದನ್ನು ಕೇಂದ್ರ ಸರ್ಕಾರ ‘ನೇರಳೆ ಕ್ರಾಂತಿ’ ಎಂದು ಬಣ್ಣಿಸಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಾದರೋ ಇದೇ ಹೆಸರಿನ ಗಿಡವೊಂದನ್ನು 1920ರಲ್ಲೇ ಹಾನಿಕಾರಕ ಕಳೆಯೆಂದು ಘೋಷಿಸಲಾಗಿತ್ತು. ವೈರುಧ್ಯ ಮೇಲ್ನೋಟದ್ದು. ಭದರ್‌ವಾಹ್‌ನ ಬೆಳೆ ಲವಾಂಡುಲಾ ಅಂಗಸ್ಟಿಫೋಲಿಯಾ. ವಿಕ್ಟೋರಿಯಾದ ಕಳೆ ಲವಾಂಡುಲಾ ಸ್ಟೀಕಸ್. ಯುನಾನಿ ವೈದ್ಯರು ಉಸ್ತುಖುದ್ದೂಸ್ ಎಂದು ಬಳಸುವುದು ಈ ಎರಡನೆಯದನ್ನೇ.

ಮೆಡಿಟರೇನಿಯನ್ ತೀರದ ಈ ಗಿಡ ಉದ್ಯಾನದ ಅಲಂಕಾರಕ್ಕೆಂದು ಆಸ್ಟ್ರೇಲಿಯಾ ಸೇರಿತು. ಮಳೆಯ ಚಳಿಗಾಲ, ಒಣ ಬೇಸಿಗೆ ಎರಡೂ ಅದಕ್ಕೆ ತವರಿನಂತೆಯೇ ದೊರೆತವು. ಆಮ್ಲೀಯ ಮಣ್ಣನ್ನೂ ಅದು ಸಹಿಸುತ್ತದೆ. ಬೇಲಿ ದಾಟಿದ ಬೀಜ ಹುಲ್ಲುಗಾವಲು, ರಸ್ತೆಬದಿ, ಕುರುಚಲು ಕಾಡುಗಳಲ್ಲಿ ಬೇರೂರಿತು. ಘಾಟು ವಾಸನೆಯಿಂದಾಗಿ ಕುರಿಗಳು ಅದನ್ನು ಬಿಟ್ಟು ಸುತ್ತಲಿನ ಹುಲ್ಲನ್ನು ಮೇಯುತ್ತವೆ. ಅಲ್ಲಿಗೆ ಕಳೆಯ ಪ್ರತಿಸ್ಪರ್ಧಿಯೂ ಇಲ್ಲವಾಗುತ್ತದೆ. ಪೈರಿಗಷ್ಟೇ ಅಲ್ಲದೆ ಸ್ಥಳೀಯ ಸಸ್ಯಸಮುದಾಯಕ್ಕೇ ಎರವಾಗುವ ಇಂಥ ಗಿಡಗಳನ್ನು ‘ಪರಿಸರ ಕಳೆ’ ಎನ್ನುತ್ತಾರೆ. ಉದ್ಯಾನದಿಂದ ಹೊರಟು ಬಂಡೀಪುರದ ನೆಲವನ್ನಾವರಿಸಿದ ಲಂಟಾನವನ್ನು ಕಂಡ ಕನ್ನಡಿಗರಿಗೆ ಈ ಕಥೆ ಹೊಸದೇನಲ್ಲ.

ತೊಡಕಿರುವುದು ಗುರುತಿಸುವಲ್ಲಿ. ಚೌಕಾಕಾರದ ಎಳೆಕಾಂಡವಾಗಲಿ ಪರಿಮಳವಾಗಲಿ ಅದು ಲ್ಯಾವೆಂಡರ್ ಎಂದಷ್ಟೇ ಹೇಳುತ್ತವೆ, ಯಾವುದೆಂದಲ್ಲ. ನೋಡಬೇಕಾದದ್ದು ಹೂತೆನೆಯ ತುದಿ. ಸ್ಟೀಕಸ್‌ನಲ್ಲಿ ತೆನೆ ಗಿಡ್ಡ, ಒತ್ತಾದದ್ದು; ನೆತ್ತಿಯ ಮೇಲೆ ಮೊಲದ ಕಿವಿಯಂತೆ ನೇರಳೆ ಪತ್ರಗಳು ನಿಮಿರಿರುತ್ತವೆ. ಅಂಗಸ್ಟಿಫೋಲಿಯಾಕ್ಕೆ ಈ ಜುಟ್ಟು ಇಲ್ಲ. ಅದರ ತೆನೆ ಉದ್ದನೆಯ ಬರಿದಂಟಿನ ಮೇಲಿರುತ್ತದೆ. ಡೆಂಟಾಟಾ ಎಂಬ ಮತ್ತೊಂದು ಪ್ರಭೇದಕ್ಕೆ ಚಿಕ್ಕ ಜುಟ್ಟುಂಟು, ಆದರೆ ಎಲೆಯಂಚು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ಸ್ಟೀಕಸ್‌ನ ಕಿರಿದಾದ ಬೂದುಹಸಿರು ಎಲೆಗೆ ಹಲ್ಲಿಲ್ಲ.

ಆಡುಹೆಸರುಗಳು ಗೊಂದಲವನ್ನು ಇಮ್ಮಡಿಸಿವೆ. ಬ್ರಿಟನ್ನಿನವರು ‘ಫ್ರೆಂಚ್ ಲ್ಯಾವೆಂಡರ್’ ಎನ್ನುವುದು ಸ್ಟೀಕಸ್‌ಗೆ; ಆಸ್ಟ್ರೇಲಿಯಾದಲ್ಲಿ ಆ ಹೆಸರು ಡೆಂಟಾಟಾದ್ದು, ಸ್ಟೀಕಸ್ ಅಲ್ಲಿ ಇಟಾಲಿಯನ್ ಅಥವಾ ಸ್ಪ್ಯಾನಿಷ್. ಹೀಗಿರುವಾಗ ಕಳೆಯ ಪಟ್ಟಿಯಲ್ಲಿ ಹೆಸರು ಸೇರಿಸಿದ ಮಾತ್ರಕ್ಕೆ ಹಿತ್ತಿಲ ಮಾಲೀಕನಿಗೆ ತನ್ನ ಗಿಡ ಅದೇ ಎಂದು ತಿಳಿಯುವುದಾದರೂ ಹೇಗೆ? ಸ್ಟೀಕಸ್‌ನ ಹಲವು ಉದ್ಯಾನ ತಳಿಗಳೂ ಮಿಶ್ರತಳಿಗಳೂ ಬಳಕೆಯಲ್ಲಿರುವುದು ಗುರುತಿಸುವಿಕೆಯನ್ನು ಇನ್ನಷ್ಟು ಕಠಿಣಗೊಳಿಸಿದೆ. ಸಸ್ಯಶಾಸ್ತ್ರೀಯ ಹೆಸರಿನೊಡನೆ ತೆನೆಯ ಚಿತ್ರವನ್ನೂ ಮುದ್ರಿಸದ ಎಚ್ಚರಿಕೆ ನಿಷ್ಪ್ರಯೋಜಕ.

ಸಮಯವೂ ಮುಖ್ಯ. ಜುಟ್ಟು ಸ್ಪಷ್ಟವಾಗಿ ಕಾಣುವುದು ವಸಂತದಲ್ಲಿ, ಎಂದರೆ ಅಲ್ಲಿಯ ಸೆಪ್ಟೆಂಬರ್ ಆಸುಪಾಸಿನಲ್ಲಿ. ಎಳೆಯ ಗಿಡವನ್ನು ಬೇರುಸಹಿತ ಕೀಳಬೇಕಾದದ್ದು ಅದಾದ ಮೇಲೆ, ಬೀಜ ಉದುರುವ ಮುನ್ನ.