ಖಾಲಿ ಜಾಗದಲ್ಲಿ ಹೆಸರು ತುಂಬಿದರೆ ಸಾಕೇ?

ಹೋದ ವರ್ಷ ಒಂದು ಅನುವಾದದ ಕೆಲಸ ಒಪ್ಪಿಕೊಂಡೆ. ಸಂಮೋಹನ ಚಿಕಿತ್ಸೆಯ ತರಬೇತಿ ಪಡೆದ ಪರಿಚಿತರೊಬ್ಬರು ಹನ್ನೆರಡು ಇಂಗ್ಲಿಷ್ ಸ್ಕ್ರಿಪ್ಟ್‌ಗಳನ್ನು ಕೊಟ್ಟು ಕನ್ನಡಕ್ಕೆ ತರಲು ಹೇಳಿದರು. ಕಣ್ಣು ಮುಚ್ಚಿ ಕೂತವರ ಮೈಮನಸ್ಸು ಸಡಿಲವಾಗಲಿ ಎಂದು ಚಿಕಿತ್ಸಕರು ನಿಧಾನವಾಗಿ ಓದುವ ಮಾತುಗಳವು. ನನ್ನ ಫೆಲೋಶಿಪ್ ಹಣ ತಡವಾಗಿತ್ತು, ಮಾಡಿಕೊಟ್ಟೆ. ಪ್ರತಿಯೊಂದರ ಮೊದಲ ಸಾಲಿನಲ್ಲೂ ಒಂದು ಖಾಲಿ ಜಾಗ. ಬಂದವರ ಹೆಸರನ್ನು ಅಲ್ಲಿ ತುಂಬಿದರೆ ಅದು 'ವೈಯಕ್ತಿಕ' ಸ್ಕ್ರಿಪ್ಟ್ ಆಗುತ್ತದಂತೆ. ಈ ಪಾಪದಲ್ಲಿ ನನ್ನ ಪಾಲೂ ಇರುವುದರಿಂದಲೇ ಈಗ ಜಗಳಕ್ಕೆ ನಿಂತಿದ್ದೇನೆ.

ಅನುವಾದ ಮುಗಿದ ಮೇಲೆ ಟಿಕೋಟಾದ ಚಿಗವ್ವನ ಮನೆಗೆ ಹೋಗಿದ್ದೆ. ರಾತ್ರಿ ನಿದ್ದೆ ಹತ್ತುವುದಿಲ್ಲ ಅಂತ ಆಕೆ ಯಾವಾಗಲೂ ಅನ್ನುತ್ತಾಳೆ. ಓದಿ ತೋರಿಸಿದೆ. 'ನೀವೀಗ ಸಮುದ್ರ ತೀರದಲ್ಲಿದ್ದೀರಿ' ಅನ್ನುತ್ತಲೇ ಕಣ್ಣು ಬಿಟ್ಟಳು. "ನಾ ಸಮುದ್ರ ನೋಡೇ ಇಲ್ಲೋ ತಮ್ಮಾ. ಡೋಣಿ ಹೊಳಿ ನೋಡೀನಿ. ಬಂದ್ರ ಹೊಲಾನ ಮುಣಗಸ್ತದ." ಇಬ್ಬರೂ ನಕ್ಕೆವು. ಮುಂದೆ 'ಹತ್ತು ಮೆಟ್ಟಿಲು ಕೆಳಗಿಳಿಯಿರಿ, ಕೆಳಗೆ ತಣ್ಣನೆಯ ನೀರಿದೆ' ಎಂಬ ಸಾಲು ಬಂತು. ಆಕೆ ನಗಲಿಲ್ಲ. ನಮ್ಮ ಕಡೆ ನೀರಿಗಿಳಿಯುವ ಮೆಟ್ಟಿಲು ಅಂದರೆ ಬಾವಿ. ಪ್ರವಾಸಿಗರಿಗೆ ಅದು ವಿಜಯಪುರದ ತಾಜ್ ಬಾವಡಿ. ಆಕೆಗೆ ಮಾತ್ರ ತನ್ನ ಓರಗೆಯ ಗೆಳತಿ ಹೋಗಿ ಬಿದ್ದ ಬಾವಿ. ನನಗಿದು ಗೊತ್ತೇ ಇರಲಿಲ್ಲ. ಅನುವಾದಿಸುವಾಗ 'ತಣ್ಣನೆಯ' ಎಂಬ ಪದಕ್ಕಾಗಿ ಅರ್ಧ ಗಂಟೆ ಯೋಚಿಸಿದ್ದೆ. ಬಾವಿಯ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ.

ಮಾತಿನ ಒಳಗೇ ಹವಾಮಾನ ಇರುತ್ತದೆ. ಜರ್ಮನಿಯ ಮನೋವೈದ್ಯ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ಆಟೋಜೆನಿಕ್ ತರಬೇತಿಯಲ್ಲಿ 'ಕೈ ಭಾರವಾಗಿದೆ, ಕೈ ಬೆಚ್ಚಗಿದೆ' ಎಂಬ ಸೂತ್ರಗಳಿವೆ. ಹಣೆ ತಂಪಾಗಿದೆ ಎಂಬುದೂ ಇದೆ, ಆದರೆ ನಂತರದ ಸ್ಕ್ರಿಪ್ಟ್‌ಗಳಲ್ಲಿ ಹೆಚ್ಚಾಗಿ ಉಳಿದು ಬಂದದ್ದು ಬೆಚ್ಚಗೆ. ಚಳಿಯ ದೇಶದಲ್ಲಿ ಬೆಚ್ಚಗೆ ಅಂದರೆ ಸುಖ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ವಿಜಯಪುರದಲ್ಲಿ, ಕರೆಂಟ್ ಹೋದ ಮಧ್ಯಾಹ್ನ, 'ನಿಮ್ಮ ಮೈಯೆಲ್ಲ ಬೆಚ್ಚಗಾಗುತ್ತಿದೆ' ಎಂದು ಓದಿ ನೋಡಿ! ನಾವು ಹರಸುವುದೇ 'ಹೊಟ್ಟಿ ತಣ್ಣಗಿರಲಿ' ಅಂತ.

ಹಾಗಾದರೆ ಸಮುದ್ರ ತೆಗೆದು ದ್ರಾಕ್ಷಿ ತೋಟ ಹಾಕಿದರಾಯಿತಲ್ಲ ಎನ್ನುವ ಜಾಣರಿದ್ದಾರೆ. ನನ್ನ ನಿಜವಾದ ಜಗಳ ಇವರ ಜೊತೆ. ಹಂದರದ ನೆರಳು, ತೂಗುವ ಗೊನೆ, ದೂರದಲ್ಲಿ ಎತ್ತಿನ ಗೆಜ್ಜೆ: ಕ್ಯಾಲೆಂಡರ್ ಚಿತ್ರದಂಥ ಇಂಥ ಸ್ಕ್ರಿಪ್ಟನ್ನು ನಾನೂ ಒಂದು ಸಲ ಬರೆದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಅಕಾಲದ ಮಳೆಗೆ ಶೆಡ್ಡಿನಲ್ಲಿ ಒಣಗುತ್ತಿದ್ದ ದ್ರಾಕ್ಷಿ ಕಪ್ಪಾಗುವುದನ್ನು ನೋಡಿದ ಟಿಕೋಟಾದ ರೈತನಿಗೆ ಹಂದರ ಅಂದರೆ ನೆರಳಲ್ಲ, ಬ್ಯಾಂಕಿನ ಕಂತು. ಊರಿನದು ಎಂದ ಮಾತ್ರಕ್ಕೆ ಅದು ಆ ಮನುಷ್ಯನದು ಆಗುವುದಿಲ್ಲ.

ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ (1901–1980) ಇದನ್ನು ಬಲ್ಲವನಾಗಿದ್ದ. 1966ರ ಅವನ ಲೇಖನವೊಂದರಲ್ಲಿ ಕ್ಯಾನ್ಸರಿನ ನೋವಿನಿಂದ ನರಳುತ್ತಿದ್ದ ಹೂವಿನ ವ್ಯಾಪಾರಿಯೊಬ್ಬನ ಕಥೆಯಿದೆ. ಆತನಿಗೆ ಸಂಮೋಹನ ಎಂಬ ಪದವೇ ಆಗಿಬರುತ್ತಿರಲಿಲ್ಲ. ಎರಿಕ್ಸನ್ ಆ ಪದ ಎತ್ತಲೇ ಇಲ್ಲ. ಟೊಮೆಟೊ ಗಿಡ ಬೆಳೆಯುವ ಬಗ್ಗೆ ಮಾತಾಡುತ್ತ, ನಡುನಡುವೆ ನೆಮ್ಮದಿಯ ಮಾತುಗಳನ್ನು ಸೇರಿಸುತ್ತ ಹೋದ. ತಮಾಷೆಯೆಂದರೆ ಈಗ ಆ ಟೊಮೆಟೊ ಗಿಡವನ್ನೇ ಎತ್ತಿಕೊಂಡು ಎಲ್ಲರಿಗೂ ಓದುತ್ತಾರೆ.

ಎಲ್ಲರಿಗೂ ಒಂದೇ ಮಾತು ಓದಿದರೆ ತಾನೇ ವೈಜ್ಞಾನಿಕ ಎಂಬ ವಾದವಿದೆ. ಅಳೆಯುವಾಗ ಅದು ಸರಿ. 1959ರ ಸ್ಟ್ಯಾನ್‌ಫರ್ಡ್ ಮಾಪಕದಲ್ಲಿ ಪದಗಳು ಕದಲದಂತಿರುವುದು ಯಾರು ಎಷ್ಟು ಸುಲಭವಾಗಿ ಸಂಮೋಹನಕ್ಕೆ ಒಳಗಾಗುತ್ತಾರೆ ಎಂದು ಹೋಲಿಸಲು. ಅಳತೆ ಪಟ್ಟಿಯನ್ನೇ ಅಂಗಿ ಅಂತ ತೊಡಿಸಬಾರದು. ಸಮಯವಿಲ್ಲ ಎಂಬ ವಾದವನ್ನು ಅರ್ಧ ಒಪ್ಪುತ್ತೇನೆ. ಸಿದ್ಧ ಧ್ವನಿಮುದ್ರಣ ಕೇಳಿ ಸುಖವಾಗಿ ಮಲಗುವವರೂ ಇದ್ದಾರೆ, ಮಲಗಲಿ. ಆದರೆ ದುಡ್ಡು ಕೊಟ್ಟು ಎದುರಿಗೆ ಬಂದು ಕೂತವರನ್ನು ಎರಡು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ನನ್ನ ರೂಮಿನ ಪಕ್ಕದಲ್ಲಿ ಬಬಲೇಶ್ವರದ ಹುಡುಗನೊಬ್ಬ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. 'ಮನಸ್ಸನ್ನು ಪೂರ್ತಿ ಖಾಲಿ ಮಾಡಿ' ಎಂಬ ಸಾಲು ಕೇಳಿ ಆತ ಗಾಬರಿಯಾದ. "ಅಣ್ಣಾ, ಎರಡು ವರ್ಷ ಓದಿದ್ದು ಖಾಲಿ ಆದ್ರ ಹೆಂಗ?" ಕೇಳದೆ ಇದು ಯಾರಿಗೆ ಹೊಳೆದೀತು?

ನಮ್ಮ ಜಿಲ್ಲೆಯದೇ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಇಂಥ ಹಾಡುಗಳು ಅಚ್ಚಿನಲ್ಲಿ ಒಂದೇ ಆಗಿ ನಿಲ್ಲುತ್ತವೆ, ತೊಟ್ಟಿಲ ಪಕ್ಕದಲ್ಲಿ ನಿಲ್ಲುವುದಿಲ್ಲ. ಕೂಸಿನ ಉಸಿರು ನೋಡುತ್ತ ತಾಯಿ ದನಿ ತಗ್ಗಿಸುತ್ತಾಳೆ, ನುಡಿ ಬದಲಿಸುತ್ತಾಳೆ, ಬೇಡವೆನಿಸಿದರೆ ಸುಮ್ಮನಾಗುತ್ತಾಳೆ.

ಆ ದಿನ ಕೊನೆಗೆ ಕಾಗದ ಮಡಚಿಟ್ಟು ಚಿಗವ್ವನನ್ನೇ ಕೇಳಿದೆ, ನಿನಗೆ ಜೀವ ಹಗುರ ಅನಿಸೋದು ಯಾವಾಗ ಅಂತ. ಬಹಳ ಹೊತ್ತು ಯೋಚಿಸಿದಳು. "ಮಧ್ಯಾಹ್ನ ಎಲ್ಲಾರೂ ಉಂಡು ಹೊಲಕ್ಕ ಹೋದಮ್ಯಾಲ, ಪಡಸಾಲ್ಯಾಗ ತಂಪ ಫರಸಿ ಮ್ಯಾಲ ಬೆನ್ನು ಹಚ್ಚತೀನಿ ನೋಡು, ಆವಾಗ. ಆ ಅರ್ಧಾ ತಾಸು ಯಾರೂ ನನ್ನ ಹೆಸರು ಹಿಡಿದು ಕರೀಬಾರದು."