ಹೋಬಳಿಯ ಪ್ರೌಢಶಾಲೆಗೆ ದಾನಿಗಳು ಕೊಡಬೇಕಾದುದೇನು?

ತುಮಕೂರು ತಾಲ್ಲೂಕಿನ ಬೆಳ್ಳಾವಿ ದೊಡ್ಡ ಪಟ್ಟಣವೇನಲ್ಲ. ಸಂತೆ, ಕೆರೆ, ತೆಂಗಿನ ತೋಟ, ರಾಗಿಯ ಹೊಲ, ಇವುಗಳ ನಡುವೆ ಬೆಳೆದು ನಿಂತ ಹೋಬಳಿ ಕೇಂದ್ರ. 2008ರ ಪುನರ್ವಿಂಗಡಣೆಯವರೆಗೆ ಒಂದು ವಿಧಾನಸಭಾ ಕ್ಷೇತ್ರಕ್ಕೂ ಈ ಊರು ತನ್ನ ಹೆಸರನ್ನು ಕೊಟ್ಟಿತ್ತು. ಆದರೆ ರಾಜಕೀಯದ ಭೂಪಟ ಬದಲಾದರೂ ಮಾಸದಂತೆ ಬೆಳ್ಳಾವಿಯ ಹೆಸರನ್ನು ಕನ್ನಡನಾಡಿನಲ್ಲಿ ಉಳಿಸಿದವರು, ಆ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ ಇಬ್ಬರು ಮಹನೀಯರು. ಹೋಬಳಿಯ ಪ್ರೌಢಶಾಲೆಯೊಂದು ಹೇಗಿರಬೇಕೆಂಬ ಪ್ರಶ್ನೆಗೆ ಅವರಿಬ್ಬರ ಜೀವನಕಾರ್ಯದಲ್ಲಿಯೇ ಉತ್ತರ ದೊರೆಯುವಂತಿದೆ.

ಮೊದಲನೆಯವರು ಬೆಳ್ಳಾವೆ ವೆಂಕಟನಾರಣಪ್ಪನವರು (1872–1943). ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, ಪ್ರೌಢಶಾಲೆಗಳಲ್ಲಿಯೂ ವಿಜ್ಞಾನವು ಇಂಗ್ಲಿಷಿನಲ್ಲಿಯೇ ಬೋಧಿಸಲ್ಪಡುತ್ತಿದ್ದ ಕಾಲದಲ್ಲಿ, ಗೆಳೆಯರಾದ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿ, 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಪತ್ರಿಕೆ ದೀರ್ಘಾಯುವಾಗಲಿಲ್ಲ. ಆದರೂ ಪ್ರಯೋಗಶಾಲೆಯ ಮಾತನ್ನು ಮನೆಯ ಮಾತಿನಲ್ಲಿ ಆಡಬಹುದೆಂಬ ಧೈರ್ಯವನ್ನು ಅದು ಬಿತ್ತಿ ಹೋಯಿತು. 1931ರಲ್ಲಿ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಪಂಪಭಾರತದ ಸಂಪಾದಕರೂ ಈ ಭೌತಶಾಸ್ತ್ರದ ಮೇಷ್ಟರೇ. 1939ರ ‘ಜೀವವಿಜ್ಞಾನ’ದ ಕರ್ತೃವೂ ಅವರೇ. ವಿಜ್ಞಾನಕ್ಕೂ ಸಾಹಿತ್ಯಕ್ಕೂ ಹುಟ್ಟುಹಗೆತನವೆಂದು ಭಾವಿಸುವವರು ಈ ಒಬ್ಬರ ಬಾಳನ್ನು ನೋಡಿದರೆ ಸಾಕು.

ಎರಡನೆಯವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ನೆರೆಯ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ರಂಗದ ಮೇಲೆ ಅವರ ‘ಸದಾರಮೆ’ ಕಂಡ ಜನಾದರವನ್ನು ಹಿರಿಯರು ಬಲ್ಲರು. ಅದರ ಕಳ್ಳನ ಪಾತ್ರದಿಂದಲೇ ಗುಬ್ಬಿ ವೀರಣ್ಣನವರು ಮನೆಮಾತಾದರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದವರು ಇದೇ ಶಾಸ್ತ್ರಿಗಳು. ಬೆಳ್ಳಿತೆರೆಯ ಮೇಲೆ ಕನ್ನಡವು ಮೊಟ್ಟಮೊದಲು ಬಾಯಿಬಿಟ್ಟಾಗ ಆಡಿದುದು ಬೆಳ್ಳಾವಿಯವರು ಬರೆದ ಮಾತನ್ನು.

ಒಬ್ಬರದು ಪ್ರಯೋಗಶಾಲೆ, ಇನ್ನೊಬ್ಬರದು ರಂಗಮಂಟಪ. ಹದಿಮೂರರಿಂದ ಹದಿನಾರರ ಹರೆಯದ ಮಕ್ಕಳಿಗೆ ಪ್ರೌಢಶಾಲೆಯು ಒದಗಿಸಬೇಕಾದ ಮುಖ್ಯ ಸಂಸ್ಕಾರಗಳು ಈ ಎರಡು ಸ್ಥಳಗಳಲ್ಲಿ ಅಡಗಿವೆ. ಕಂಡುದನ್ನು ಪರೀಕ್ಷಿಸಿ ನೋಡದೆ ನಂಬದಿರುವ ಬುದ್ಧಿ ಒಂದೆಡೆ. ನಾಲ್ಕು ಜನರ ಮುಂದೆ ನಿಂತು ಅಂಜದೆ, ಸ್ಪಷ್ಟವಾಗಿ, ಇನ್ನೊಬ್ಬನ ಸುಖದುಃಖವನ್ನು ತನ್ನದೆಂಬಂತೆ ನುಡಿಯುವ ಶಕ್ತಿ ಇನ್ನೊಂದೆಡೆ. ಹೊಲಮನೆಯ ಕೆಲಸದ ನಡುವೆ ಬೆಳೆದ ಮಗುವಿಗೆ ಇವೆರಡೂ ಮನೆಯಲ್ಲಿ ದೊರೆಯಲಾರವು, ಟ್ಯೂಷನ್ ಕೋಣೆಯಲ್ಲಂತೂ ದೊರೆಯವು.

ಹೀಗಿದ್ದೂ, ನಾಡಿನ ಅನೇಕ ಗ್ರಾಮಾಂತರ ಪ್ರೌಢಶಾಲೆಗಳಲ್ಲಿ ವರ್ಷದ ಬಹುಪಾಲು ಬೀಗ ಬೀಳುವುದು ಈ ಎರಡಕ್ಕೇ ಎಂಬುದು ವಿಷಾದದ ಸಂಗತಿ. ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ಅಂಕಗಳಿಗೆ ಬೇಕಾದ ಪ್ರಯೋಗಗಳು ಪುಸ್ತಕದಲ್ಲಿ ಅಂದವಾಗಿ ಬರೆಯಲ್ಪಡುತ್ತವೆ. ಕೈಯಿಂದ ಮಾಡಲ್ಪಟ್ಟವೇ ಎಂಬುದು ಬೇರೆಯ ಮಾತು. ಅಮ್ಲದಲ್ಲಿ ನೀಲಿ ಲಿಟ್ಮಸ್ ಕೆಂಪಾಗುತ್ತದೆಂದು ಹತ್ತು ಬಾರಿ ಬರೆದ ಹುಡುಗಿಯು ಲಿಟ್ಮಸ್ ಕಾಗದವನ್ನು ಒಮ್ಮೆಯೂ ಮುಟ್ಟದೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುವುದು ಅಸಂಭವವೇನಲ್ಲ. ರಂಗದ ಗತಿಯೂ ಅಷ್ಟೇ. ವಾರ್ಷಿಕೋತ್ಸವದ ಹಿಂದಿನ ವಾರ ಧ್ವನಿಮುದ್ರಿತ ಚಲನಚಿತ್ರಗೀತೆಗೆ ಹೆಜ್ಜೆ ಹಾಕಿಸಿದರೆ ಸಾಂಸ್ಕೃತಿಕ ಕಾರ್ಯಕ್ರಮ ಮುಗಿಯಿತು. ಅಲ್ಲಿ ಮಗು ಬಾಯಿ ಬಿಡುವುದೇ ಇಲ್ಲ! ಪ್ರತಿಭಾ ಕಾರಂಜಿಯಂತಹ ಸರಕಾರದ ಉತ್ತಮ ಯೋಜನೆಯೂ ಬಹುಮಾನ ಗಳಿಸಬಲ್ಲ ನಾಲ್ಕೈದು ಮಕ್ಕಳಿಗೆ ಸೀಮಿತವಾಗಿಬಿಡುತ್ತದೆ.

ಇದಕ್ಕೆ ಉಪಾಧ್ಯಾಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಶಾಲೆಯ ಮರ್ಯಾದೆ ಇಂದು ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಎಂಬ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಿದೆ. ಆ ತಕ್ಕಡಿ ಎಷ್ಟು ನಂಬಿಕೆಗೆ ಅರ್ಹವೆಂಬುದನ್ನು 2024ನೆಯ ವರ್ಷವೇ ತೋರಿಸಿಕೊಟ್ಟಿತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ವೆಬ್‌ಕಾಸ್ಟಿಂಗ್ ಜಾರಿಗೆ ತಂದ ಆ ವರ್ಷ, ಹಿಂದಿನ ಸಾಲಿನಲ್ಲಿ 83.89 ಇದ್ದ ರಾಜ್ಯದ ಫಲಿತಾಂಶವು, ಹೆಚ್ಚುವರಿ ಕೃಪಾಂಕಗಳನ್ನು ನೀಡಿದ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಸಿಯಿತೆಂದು ಯಾರೂ ಹೇಳಲಾರರು. ಕುಸಿದುದು ತಕ್ಕಡಿಯ ಕೆಳಗಿದ್ದ ಕೈ. ಇಷ್ಟಾದರೂ ಪಾಠ ಕಲಿತ ಲಕ್ಷಣ ಕಾಣದು. ಕುಸಿದ ಅಂಕಿಯನ್ನು ಮೇಲೆತ್ತಲು ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ ಎಂದು ಮಕ್ಕಳ ದಿನವನ್ನೇ ನುಂಗಲಾಗುತ್ತಿದೆ.

ಪೋಷಕರ ವಾದವೊಂದುಂಟು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ‘ನಾಟಕ ಆಡಿದರೆ ಸೀಟು ಸಿಕ್ಕೀತೇ?’ ಎಂದು ಅವರು ಕೇಳುತ್ತಾರೆ. ಸಾಲ ಮಾಡಿ ಮಗುವನ್ನು ಓದಿಸುವ ರೈತನ ಬಾಯಲ್ಲಿ ಈ ಪ್ರಶ್ನೆ ಅನುಚಿತವಲ್ಲ. ಉಳ್ಳವರಂತೂ ಬೆಳಗಾಗುವ ಮುನ್ನವೇ ಮಕ್ಕಳನ್ನು ತುಮಕೂರಿನ ಇಂಗ್ಲಿಷ್ ಶಾಲೆಗಳ ಹಳದಿ ಬಸ್ಸಿಗೆ ಹತ್ತಿಸುತ್ತಾರೆ. ಹೋಬಳಿಯ ಶಾಲೆಯಲ್ಲಿ ಉಳಿಯುವವರು ಬೇರೆ ದಾರಿಯಿಲ್ಲದವರು. ಆದರೆ ಪಟ್ಟಣದ ಶಾಲೆಯೊಡನೆ ಗೈಡು ಪುಸ್ತಕದ ಪಂದ್ಯಕ್ಕಿಳಿದು ಹೋಬಳಿಯ ಶಾಲೆ ಎಂದಿಗೂ ಗೆಲ್ಲಲಾರದು. ಅದು ಗೆಲ್ಲಬಹುದಾದುದು ತನ್ನ ವಿಶಾಲವಾದ ಆವರಣದಿಂದ, ಹೊಂಗೆ ಬೇವುಗಳ ನೆರಳಿನಿಂದ, ಮಕ್ಕಳ ಹೆಸರು ಹಿಡಿದು ಕರೆಯಬಲ್ಲ ಉಪಾಧ್ಯಾಯರಿಂದ, ಕೈಗೆಟಕುವ ಕೆರೆ ತೋಟ ಹೊಲಗಳಿಂದ. ಕೆರೆಯ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಲು ಬೆಳ್ಳಾವಿಯ ಮಗುವಿಗೆ ಬಸ್ಸು ಹತ್ತಬೇಕಾಗಿಲ್ಲ.

ಇಲ್ಲಿ ಅಗತ್ಯವಿರುವುದು ಅಪಾರ ಹಣವಲ್ಲ ಎಂಬುದಕ್ಕೆ ಹೊರಗಿನ ನಿದರ್ಶನವಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಸರಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಪ್ರಯೋಗವೊಂದು ಆರಂಭವಾಯಿತು. ಅಗ್ಗದ ಸಾಮಗ್ರಿಗಳ ಪೆಟ್ಟಿಗೆಯೊಂದನ್ನು ಕೊಟ್ಟು, ಪಾಠವನ್ನು ಓದಿಸುವ ಬದಲು ಮಕ್ಕಳಿಂದಲೇ ಪ್ರಯೋಗ ಮಾಡಿಸಿ ನಿರ್ಣಯಕ್ಕೆ ಬರುವಂತೆ ಮಾಡಿದರು. ಮುಂದೆ ಅದು ಜಿಲ್ಲೆಯಾದ್ಯಂತ ಹಬ್ಬಿ, 2002ರಲ್ಲಿ ಸರಕಾರದ ನಿರ್ಧಾರದಿಂದ ನಿಲ್ಲುವವರೆಗೆ ಮೂರು ದಶಕ ನಡೆಯಿತು. ನಿಂತುದು ಆಡಳಿತದ ಅಪ್ಪಣೆಯಿಂದ. ಹಳ್ಳಿಯ ಮಕ್ಕಳಿಗೆ ಪ್ರಯೋಗ ಒಗ್ಗಲಿಲ್ಲವೆಂಬ ಕಾರಣಕ್ಕಲ್ಲ.

ರಂಗದ ವಿಷಯಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಬೆಳ್ಳಾವಿಗಿಂತ ಚಿಕ್ಕ ಊರು. ಅಲ್ಲಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ ಎಂಬ ರೆಪರ್ಟರಿಯನ್ನು ಆರಂಭಿಸಿ, ನಾಟಕವನ್ನು ಊರೂರಿಗೆ ಕೊಂಡೊಯ್ದರು. ಮಠದ ಆಶ್ರಯದಲ್ಲಿ ಬಯಲು ರಂಗಮಂದಿರವೂ ರಂಗಶಿಕ್ಷಣ ಶಾಲೆಯೂ ಎದ್ದುನಿಂತವು. ಅಷ್ಟು ದೊಡ್ಡ ಸಾಹಸವನ್ನು ಎಲ್ಲ ಶಾಲೆಗಳೂ ಕೈಗೊಳ್ಳಬೇಕೆಂದಲ್ಲ. ಮಠದ ನೆರಳಿನಲ್ಲಿ ರಂಗಕ್ಕೆ ಎಡೆಯಿಲ್ಲವೆಂಬ ಮಡಿವಂತಿಕೆಗೆ ಮಾತ್ರ ಅದು ತಕ್ಕ ಉತ್ತರ. ವಿಜ್ಞಾನದ ಬಗೆಗೂ ಅಂತಹ ಸಂಕೋಚಕ್ಕೆ ಕಾರಣವಿಲ್ಲ. ನಾಗವಲ್ಲಿಯ ಗ್ರಾಮಾಂತರ ಶಾಲೆಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಗಣಿತಗಳನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಯೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾದರು.

ಇನ್ನು ದಾನಿಗಳ ಮಾತು. ಈ ನಾಡಿನ ಶಾಲೆಗಳು ನಿಂತಿರುವುದೇ ದಾನಿಗಳ ಔದಾರ್ಯದ ಮೇಲೆ. ಆದರೆ ಆ ಔದಾರ್ಯವು ಬಹುಮಟ್ಟಿಗೆ ಕಲ್ಲಿಗೂ ಸಿಮೆಂಟಿಗೂ ಸಲ್ಲುತ್ತಿದೆ. ಕೊಠಡಿಗೆ, ಮಹಾದ್ವಾರಕ್ಕೆ, ನೀರಿನ ತೊಟ್ಟಿಗೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸಬಹುದು. ಒಡೆದುಹೋಗುವ ಪ್ರನಾಳಕ್ಕೆ, ಉರಿದುಹೋಗುವ ಸ್ಪಿರಿಟ್ ದೀಪಕ್ಕೆ, ನಾಟಕದ ಮೇಷ್ಟರ ಮೂರು ತಿಂಗಳ ಸಂಭಾವನೆಗೆ ಹೆಸರು ಕೆತ್ತಿಸಲು ಸ್ಥಳವಿಲ್ಲ. ಹೀಗಾಗಿ ಪ್ರಯೋಗಶಾಲೆಯ ಕಟ್ಟಡವಿದ್ದು ಪ್ರಯೋಗವಿಲ್ಲದ, ರಂಗಮಂಟಪವಿದ್ದು ನಾಟಕವಿಲ್ಲದ ವಿಚಿತ್ರ ಸ್ಥಿತಿ ಒದಗಿದೆ. ಹಳೆಯ ವಿದ್ಯಾರ್ಥಿಗಳ ಸಂಘಗಳೂ ಈ ಮೋಹಕ್ಕೆ ಹೊರತಲ್ಲ. ಬೆಳ್ಳಿಹಬ್ಬಕ್ಕೊಂದು ಕಮಾನು ಕಟ್ಟಿದರೆ ಋಣ ತೀರಿತೆಂದು ಅವು ಭಾವಿಸುವುದುಂಟು.

ಮುಂದಿನ ಶಾಲಾವರ್ಷದ ಆರಂಭಕ್ಕೆ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ದೇಣಿಗೆಯ ರಸೀದಿಯಲ್ಲಿ ‘ಕಟ್ಟಡ ನಿಧಿ’ ಎಂಬುದರ ಕೆಳಗೆ ‘ಪ್ರಯೋಗ ಮತ್ತು ನಾಟಕ ನಿಧಿ’ ಎಂದು ಇನ್ನೊಂದು ಸಾಲನ್ನು ಅಚ್ಚು ಹಾಕಿಸಲಿ. ಆ ಹಣವು ಆ ವರ್ಷವೇ ವೆಚ್ಚವಾಗತಕ್ಕದ್ದೆಂದು ನಿರ್ಣಯಿಸಲಿ. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳಿಗೆ ವಾರದಲ್ಲಿ ಎರಡು ಅವಧಿಗಳನ್ನು ಪ್ರಯೋಗಶಾಲೆಗೆ, ಒಂದನ್ನು ರಂಗಕ್ಕೆ ಮೀಸಲಿರಿಸಿ, ವಿಶೇಷ ತರಗತಿಯ ನೆಪದಲ್ಲಿ ಅವನ್ನು ಕಸಿಯದಂತೆ ಮುಖ್ಯೋಪಾಧ್ಯಾಯರು ನೋಡಿಕೊಳ್ಳಲಿ. ವರ್ಷಕ್ಕೊಂದು ಪೂರ್ಣ ನಾಟಕವನ್ನು ಮಕ್ಕಳೇ ಮಾತು ಕಲಿತು ಆಡಲಿ, ಊರಿನವರು ಬಂದು ನೋಡಲಿ. ವಾರ್ಷಿಕ ವರದಿಯಲ್ಲಿ ತೇರ್ಗಡೆಯ ಶೇಕಡಾವಾರಿನ ಪಕ್ಕದಲ್ಲಿಯೇ, ಆ ವರ್ಷ ಎಷ್ಟು ಮಕ್ಕಳು ತಮ್ಮ ಕೈಯಿಂದ ಎಷ್ಟು ಪ್ರಯೋಗಗಳನ್ನು ಮಾಡಿದರು, ಎಷ್ಟು ಮಂದಿ ರಂಗವನ್ನೇರಿದರು ಎಂಬ ಎರಡು ಅಂಕಿಗಳೂ ಪ್ರಕಟವಾಗಲಿ. ಪ್ರಯೋಗಶಾಲೆಯ ಬೀಗದ ಕೈ ಕಚೇರಿಯ ಬೀರುವಿನಲ್ಲಿರದೆ ವಿಜ್ಞಾನದ ಉಪಾಧ್ಯಾಯರ ಜೇಬಿನಲ್ಲಿರಲಿ. ಒಡೆದ ಗಾಜಿನ ಲೆಕ್ಕವನ್ನು ಅವರ ಸಂಬಳದಿಂದ ಮುರಿದುಕೊಳ್ಳುವ ಭಯ ಮಾತ್ರ ಅವರಿಗೆ ಬೇಡ.