ಸೂಪಾದ ಭೂಕಂಪನ ದಾಖಲೆ ಊರಿನವರಿಗೂ ಸಿಗಲಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಉತ್ತರ ಕನ್ನಡ, ಕಾರವಾರ.

ಮಾನ್ಯರೇ,

ನಮ್ಮ ದಾಂಡೇಲಿ, ಜೋಯಿಡಾ ಕಡೆ ರಾತ್ರಿ ಹೊತ್ತು ಅಡುಗೆಮನೆಯ ಪಾತ್ರೆಗಳು ಗಡಗಡ ಅಂದರೆ ಸಾಕು, ಬೆಳಗಾಗುವುದರೊಳಗೆ ವಾಟ್ಸಾಪ್‌ನಲ್ಲಿ ಸೂಪಾ ಡ್ಯಾಮ್ ಬಿರುಕು ಬಿಟ್ಟಿರುತ್ತದೆ. ಆದದ್ದು ಗುಡುಗೋ, ಕ್ವಾರಿಯ ಸಿಡಿಮದ್ದೋ, ನಿಜವಾದ ಕಂಪನವೋ ಎಂದು ಅಧಿಕೃತವಾಗಿ ಹೇಳುವವರು ಊರಲ್ಲಿ ಯಾರೂ ಸಿಗುವುದಿಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ 30 ಮೀಟರ್ ಅಥವಾ ಅದಕ್ಕಿಂತ ಎತ್ತರದ ಅಣೆಕಟ್ಟೆಗಳಲ್ಲಿ ಮಾಲೀಕರೇ ಭೂಕಂಪನ ಮಾಪನ ಕೇಂದ್ರ ಇಡಬೇಕು. ಗಣೇಶಗುಡಿಯ ಸೂಪಾ ಅಣೆಕಟ್ಟೆಯ ಎತ್ತರ 101 ಮೀಟರ್. ಅದರ ಕೆಳಗೆ ಇದೇ ಕಾಳಿ ನದಿಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳಿವೆ, ಕೈಗಾ ಅಣುಸ್ಥಾವರವಿದೆ. ಹೀಗಿರುವಾಗ ಯಂತ್ರದ ದಾಖಲೆ ಎಂಜಿನಿಯರ್‌ಗಳ ಕಡತದಲ್ಲಷ್ಟೇ ಉಳಿದರೆ ಸಾಲದು.

ಕೊಯ್ನಾವನ್ನು ನೆನಪಿಸುವುದು ಹೆದರಿಸಲಿಕ್ಕಲ್ಲ. ಇದೇ ಸಹ್ಯಾದ್ರಿ ಸಾಲಿನ ಆ ಜಲಾಶಯ ತುಂಬಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರ ನಸುಕಿನಲ್ಲಿ, ಭೂಕಂಪವಾಗಿ ಸುಮಾರು 180 ಜನ ಸತ್ತರು. ನೀರಿನ ಭಾರ ಮತ್ತು ಬಂಡೆಯ ಬಿರುಕಿಗೆ ಇಳಿದ ನೀರಿನ ಒತ್ತಡ ಅದನ್ನು ಪ್ರಚೋದಿಸಿತು ಎಂಬುದು ಈಗ ವಿಜ್ಞಾನಿಗಳು ಒಪ್ಪಿದ ಮಾತು. ಸೂಪಾದಲ್ಲಿ ಅಂಥ ಅನಾಹುತ ಆಗಿಲ್ಲ, ನಿಜ. ಆದರೆ ನಮ್ಮದು ಗಟ್ಟಿ ಕಲ್ಲಿನ ನೆಲ ಎಂದು ಸುಮ್ಮನಿರುವಂತಿಲ್ಲ. 1993ರ ಭೂಕಂಪದಲ್ಲಿ ನೆಲಸಮವಾದ ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು.

ಕಂಪನದ ಗೆರೆಯನ್ನು ಓದುವುದು ಬ್ರಹ್ಮವಿದ್ಯೆಯೇನಲ್ಲ. ಮೊದಲು ಬರುವುದು ಪಿ ಅಲೆ, ಹಿಂದೆ ಎಸ್ ಅಲೆ. ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ದೂರ ಸುಮಾರಾಗಿ ಸಿಗುತ್ತದೆ: ಮೂರು ಸೆಕೆಂಡಿನ ಅಂತರವಿದ್ದರೆ 24 ಕಿ.ಮೀ. ಮೂರು ಕೇಂದ್ರಗಳ ಲೆಕ್ಕ ಕೂಡಿಸಿದರೆ ಜಾಗವೂ ತಿಳಿಯುತ್ತದೆ. ಸಿಡಿಮದ್ದು ಕಲ್ಲನ್ನು ಎಲ್ಲ ದಿಕ್ಕಿಗೂ ತಳ್ಳುವುದರಿಂದ ಮೊದಲ ಅಲೆ ಸಾಮಾನ್ಯವಾಗಿ ಎಲ್ಲೆಡೆ ನೆಲವನ್ನು ಮೇಲಕ್ಕೇ ಎತ್ತುತ್ತದೆ. ಭೂಕಂಪದಲ್ಲಿ ಬಂಡೆ ಪಕ್ಕಕ್ಕೆ ಜಾರುವುದರಿಂದ ಕೆಲವೆಡೆ ಮೇಲಕ್ಕೆ, ಕೆಲವೆಡೆ ಕೆಳಕ್ಕೆ. ದೂರದೇಶಗಳ ಅಣುಸ್ಫೋಟವನ್ನೂ ಭೂಕಂಪವನ್ನೂ ಬೇರ್ಪಡಿಸುವ ಕೆಲಸ ನಮ್ಮದೇ ರಾಜ್ಯದ ಗೌರಿಬಿದನೂರಿನಲ್ಲಿ 1965ರಿಂದ ನಡೆದಿದೆ. ದ್ರವವನ್ನು ದಾಟಲಾರದ ಎಸ್ ಅಲೆಯಿಂದಲೇ ಭೂಮಿಯ ಹೊರಗರ್ಭ ದ್ರವವೆಂದು ಗೊತ್ತಾದದ್ದು. 2,900 ಕಿ.ಮೀ. ಆಳದ ಸಂಗತಿ ಪಠ್ಯಪುಸ್ತಕದಲ್ಲಿ ಸಿಗುವಾಗ ಗಣೇಶಗುಡಿಯ ಕಾಲಡಿಯ ಸಂಗತಿ ನಮಗೆ ಸಿಗಬಾರದೇ?

ಆದ್ದರಿಂದ ಮೂರು ಕೋರಿಕೆ. ಒಂದು, ಸೂಪಾದ ಕಂಪನ ದಾಖಲೆಯ ಸಾರಾಂಶ ಜಲಾಶಯದ ಮಟ್ಟದೊಂದಿಗೆ ಪ್ರತಿ ತಿಂಗಳು ಕನ್ನಡದಲ್ಲಿ ಜೋಯಿಡಾದ ಗ್ರಾಮ ಪಂಚಾಯಿತಿಗಳಿಗೂ ದಾಂಡೇಲಿ ನಗರಸಭೆಗೂ ಬರಲಿ. ಎರಡು, ಜನ ಕಂಪನ ಅನುಭವಿಸಿದ ದಿನವೇ ಸಮಯ, ಜಾಗ, ತೀವ್ರತೆ ತಿಳಿಸುವ ಪ್ರಕಟಣೆ ಹೊರಡಲಿ. ಕ್ವಾರಿಗಳ ಸ್ಫೋಟದ ವೇಳೆಯೂ ಮೊದಲೇ ತಿಳಿಯಲಿ. ಮೂರು, ಇಲ್ಲಿನ ಕಾಲೇಜೊಂದಕ್ಕೆ ಆ ದಾಖಲೆಯ ನೇರ ಸಂಪರ್ಕ ಕೊಟ್ಟು ಮಕ್ಕಳಿಗೆ ಓದಲು ಕಲಿಸಿ.

ಯಾವ ಯಂತ್ರವೂ ಭೂಕಂಪದ ಭವಿಷ್ಯ ಹೇಳುವುದಿಲ್ಲವೆಂದು ನಮಗೂ ಗೊತ್ತು. ಹಳೆಯ ಸೂಪಾ ಪೇಟೆಯನ್ನು ನೀರಿಗೆ ಬಿಟ್ಟುಕೊಟ್ಟು ರಾಮನಗರಕ್ಕೆ ಬಂದವರು ಕೇಳುತ್ತಿರುವುದು ಭವಿಷ್ಯವನ್ನಲ್ಲ, ಆಗಿಹೋದದ್ದರ ಮಾಹಿತಿಯನ್ನು. ಈ ಮಳೆಗಾಲದ ಕೊನೆಗೆ ಜಲಾಶಯ ತುಂಬುವಷ್ಟರಲ್ಲಿ ಮೊದಲ ಪಟ್ಟಿ ಪಂಚಾಯಿತಿಯ ಸೂಚನಾ ಫಲಕಕ್ಕೆ ಬರುವಂತೆ ಆದೇಶಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ದಾಂಡೇಲಿಯ ಒಬ್ಬ ನಾಗರಿಕ